ಅಂಗಿಯ ಆರು ಗುಂಡಿಗಳು: ಬೇಸಿಗೆ ಶಿಬಿರದ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಆಡಳಿತ ಮಂಡಳಿಯ ಸದಸ್ಯರು,
ಅಂಗವೈಕಲ್ಯವುಳ್ಳವರ ಬೇಸಿಗೆ ಶಿಬಿರ.

ವಿಷಯ: ಶಿಬಿರದಲ್ಲಿ ಸಹಾಯಕರ ಕೊರತೆ ಮತ್ತು ಅದರಿಂದ ಶಿಬಿರಾರ್ಥಿಗಳ ಸ್ವಂತ ತೀರ್ಮಾನಗಳಿಗೆ ಬೀಳುತ್ತಿರುವ ಪೆಟ್ಟಿನ ಕುರಿತು.

ಮಾನ್ಯರೇ,

ಕಳೆದ ಮೂರು ಬೇಸಿಗೆಗಳಲ್ಲಿ ನಾನು ನಿಮ್ಮ ಶಿಬಿರದಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದ್ದೇನೆ. ಶಿಬಿರಾರ್ಥಿಗಳನ್ನು ಬೆಳಿಗ್ಗೆ ಎಬ್ಬಿಸುವುದು, ಶೌಚಕ್ಕೆ, ಸ್ನಾನಕ್ಕೆ, ಬಟ್ಟೆ ತೊಡಲು ನೆರವಾಗುವುದು, ಊಟ ಮಾಡಿಸುವುದು, ಆಟಕ್ಕೂ ಈಜಿಗೂ ಜೊತೆಯಾಗುವುದು, ರಾತ್ರಿ ಅವರ ಕೋಣೆಯಲ್ಲೇ ಮಲಗುವುದು ನನ್ನ ಕೆಲಸವಾಗಿತ್ತು. ಎರಡನೆಯ ವರ್ಷದ ಕೊನೆಗೆ ಒಂದು, ಮೂರನೆಯ ವರ್ಷದ ಕೊನೆಗೆ ಇನ್ನೊಂದು, ಹೀಗೆ ಎರಡು ಪತ್ರಗಳನ್ನು ಶಿಬಿರದ ಕಚೇರಿಗೆ ಕೊಟ್ಟಿದ್ದೆ. ಎರಡಕ್ಕೂ ಉತ್ತರ ಬಂದಿದೆ, ಎರಡರಲ್ಲೂ ನನ್ನ ಸೇವಾಮನೋಭಾವವನ್ನು ಹೊಗಳಲಾಗಿದೆ. ನಾನು ಕೇಳಿದ್ದು ಬೇರೆ. ಆದ್ದರಿಂದ ಈ ಮೂರನೆಯ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮ್ಮವರನ್ನು ಶಿಬಿರಕ್ಕೆ ಕಳಿಸುವ ಮನೆಯವರು, ಮುಂದಿನ ಬೇಸಿಗೆಗೆ ಸಹಾಯಕರಾಗಿ ಬರಲಿರುವ ಯುವಕ ಯುವತಿಯರು, ಎಲ್ಲರಿಗಿಂತ ಮುಖ್ಯವಾಗಿ ಶಿಬಿರಾರ್ಥಿಗಳು ಇದನ್ನು ಓದಬೇಕು ಎಂಬುದು ನನ್ನ ಅಪೇಕ್ಷೆ. ಶಿಬಿರದ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ. ಸಂಸ್ಥೆಯ ಹೆಸರು ಕೆಡಿಸಿ ನನಗೆ ಆಗಬೇಕಾದದ್ದು ಏನೂ ಇಲ್ಲ. ಬೇರೆ ಶಿಬಿರಗಳಲ್ಲಿ ದುಡಿದ ಗೆಳತಿಯರ ಮಾತು ಕೇಳಿದರೆ ಇದು ನಿಮ್ಮೊಬ್ಬರ ಕಥೆಯೂ ಅಲ್ಲ.

ಮೊದಲಿಗೆ ಶಿಬಿರದ ಬಗ್ಗೆ ನನಗಿರುವ ಗೌರವವನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದೆಲ್ಲ ಸಿಟ್ಟಿನಲ್ಲಿ ಆಡಿದ ಮಾತೆಂದು ತಾವು ಭಾವಿಸಬಹುದು. ನಿಮ್ಮ ಈಜುಕೊಳಕ್ಕೆ ಇಳಿಜಾರಿನ ದಾರಿಯಿದೆ, ನೀರಿಗೇ ಇಳಿಯಬಲ್ಲ ಗಾಲಿಕುರ್ಚಿಯಿದೆ. ಹಗಲಿಡೀ ಸ್ನಾಯುಗಳ ಬಿಗಿತದೊಂದಿಗೆ ಹೋರಾಡುವ ಒಬ್ಬ ಯುವಕ ಆ ನೀರಿನಲ್ಲಿ ಕೈಕಾಲು ಸಡಿಲ ಬಿಟ್ಟು ಆಕಾಶ ನೋಡುತ್ತ ತೇಲಿದ್ದನ್ನು ನಾನು ಅವನ ತಲೆಗೆ ಅಂಗೈ ಕೊಟ್ಟು ನಿಂತು ನೋಡಿದ್ದೇನೆ. ಎಲ್ಲರ ಬಳಿಯೂ ಗಾಲಿಕುರ್ಚಿಯೋ ಊರುಗೋಲೋ ಶ್ರವಣಯಂತ್ರವೋ ಇರುವ ಜಾಗದಲ್ಲಿ ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ. ಬೀದಿಯಲ್ಲಿ ಹೋದಲ್ಲೆಲ್ಲ ನೋಟಗಳನ್ನು ಹೊತ್ತುಕೊಂಡೇ ತಿರುಗುವವರಿಗೆ ಆ ಆರು ದಿನ ಎಂಥ ಬಿಡುವು ಎಂಬುದು ಮೊದಲ ಸಂಜೆಯೇ ಅವರ ದನಿಯಲ್ಲಿ ತಿಳಿಯುತ್ತದೆ. ಅದಕ್ಕಾಗಿಯೇ ನಾನು ಮೂರು ಸಲ ಬಂದೆ.

ನನ್ನ ದೂರು ಒಂದೇ. ಸಹಾಯಕರು ಕಡಿಮೆಯಾದ ದಿನವೂ ಶಿಬಿರದಲ್ಲಿ ಊಟ ನಡೆಯುತ್ತದೆ, ಆಟ ನಡೆಯುತ್ತದೆ, ಹಾಡು ನಡೆಯುತ್ತದೆ. ಹೊರಗಿನಿಂದ ನೋಡುವವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ನಿಂತುಹೋಗುವುದು ಶಿಬಿರಾರ್ಥಿಯನ್ನು ಕೇಳುವ ಕೆಲಸ. ಯಾವ ಅಂಗಿ ಬೇಕು, ಈಗ ಏಳಬೇಕೋ ಹತ್ತು ನಿಮಿಷ ಬಿಟ್ಟೋ, ಈಜು ಬೇಕೋ ಬೇಡವೋ, ಇದನ್ನು ನೀವೇ ಮಾಡಿಕೊಳ್ಳುವಿರೋ ನಾನು ಮಾಡಲೋ ಎಂಬ ಪ್ರಶ್ನೆಗಳಿಗೆ ಸಮಯ ಬೇಕು. ಆ ಸಮಯ ನಮ್ಮ ಬಳಿ ಇಲ್ಲದಂತೆ ನೀವು ಶಿಬಿರವನ್ನು ಕಟ್ಟಿದ್ದೀರಿ.

ಇದು ಬರೀ ಆರೋಪವಾಗಿ ಉಳಿಯಬಾರದೆಂದು ಒಂದು ಬೆಳಗಿನ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ನಮ್ಮ ಕೋಣೆಯಲ್ಲಿ ಎಂಟು ಮಂದಿ ಮಹಿಳೆಯರಿದ್ದರು. ಇಬ್ಬರು ಶಿಬಿರಾರ್ಥಿಗಳಿಗೆ ಒಬ್ಬ ಸಹಾಯಕರು ಎಂದು ನಿಮ್ಮ ಕರಪತ್ರ ಹೇಳುವುದರಿಂದ ನಾವು ನಾಲ್ವರಿರಬೇಕಿತ್ತು. ಆ ನಾಲ್ವರಲ್ಲಿ ಒಬ್ಬರಿಗೆ ದಿನಕ್ಕೊಬ್ಬರಂತೆ ಬರುವ ರಜೆ. ಇನ್ನೊಬ್ಬರನ್ನು ಊಟದ ಮನೆಯ ಮೇಜು ಜೋಡಿಸಲು ಕರೆಯುತ್ತಿದ್ದರು. ಉಳಿದವರು ಇಬ್ಬರು. ಆರೂವರೆಗೆ ದೀಪ ಹಾಕಿದರೆ ಎಂಟಕ್ಕೆ ತಿಂಡಿಯ ಗಂಟೆ, ಅಂದರೆ ತೊಂಬತ್ತು ನಿಮಿಷ. ಇಬ್ಬರದೂ ಸೇರಿ ನೂರ ಎಂಬತ್ತು. ಎಂಟು ಜನರಲ್ಲಿ ಮೂವರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ತರಲು ಎತ್ತುವ ಯಂತ್ರ ಬೇಕು. ಮೈಕೆಳಗೆ ಜೋಲಿ ಸೇರಿಸಿ, ಕೊಂಡಿಗಳನ್ನು ಸಿಕ್ಕಿಸಿ, ಒಬ್ಬರು ಯಂತ್ರ ನಡೆಸಿದರೆ ಇನ್ನೊಬ್ಬರು ಕಾಲು ಮತ್ತು ತಲೆ ಕಾಯಬೇಕು. ಇದನ್ನು ಒಬ್ಬರೇ ಮಾಡಬಾರದು ಎಂಬ ಮಾತು ಯಂತ್ರದ ಮೇಲೆ ನೀವೇ ಅಂಟಿಸಿರುವ ಹಾಳೆಯಲ್ಲಿದೆ. ಶೌಚ, ಸ್ನಾನ, ಬಟ್ಟೆ ಸೇರಿ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವೆಂದರೂ ಇಬ್ಬರ ನಲವತ್ತು ನಿಮಿಷ, ಮೂವರಿಗೆ ನೂರ ಇಪ್ಪತ್ತು. ಉಳಿದ ಐವರ ಪಾಲಿಗೆ ಅರುವತ್ತು ನಿಮಿಷ, ತಲಾ ಹನ್ನೆರಡು. ಆ ಹನ್ನೆರಡು ನಿಮಿಷದಲ್ಲಿ ಹಲ್ಲುಜ್ಜುವುದು, ಶೌಚ, ಸ್ನಾನ, ಬಟ್ಟೆ, ತಲೆ ಬಾಚುವುದು, ಕಾಲಿಗೆ ಪಟ್ಟಿ ಕಟ್ಟುವುದು, ಶ್ರವಣಯಂತ್ರದ ಬ್ಯಾಟರಿ ನೋಡುವುದು, ಮಾತ್ರೆಗೆಂದು ದಾದಿಯ ಬಳಿ ಕರೆದೊಯ್ಯುವುದು ಎಲ್ಲ ಮುಗಿಯಬೇಕು.

ಆ ಐವರಲ್ಲಿ ಒಬ್ಬರಿಗೆ ಮೂವತ್ತನಾಲ್ಕು ವರ್ಷ. ಸೆರೆಬ್ರಲ್ ಪಾಲ್ಸಿಯಿಂದಾಗಿ, ಅಂದರೆ ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಹತೋಟಿ ತಪ್ಪಿರುವುದರಿಂದ, ಕೈಬೆರಳುಗಳು ಅವರ ಮಾತನ್ನು ನಿಧಾನವಾಗಿ ಕೇಳುತ್ತವೆ. ಆದರೂ ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಳ್ಳುವುದು ಅವರ ರೂಢಿ. ಹಾಸಿಗೆಯ ಅಂಚಿನಲ್ಲಿ ಕೂತಾಗ ಒಂದು ಕಡೆಗೆ ವಾಲದಂತೆ ಯಾರಾದರೂ ಸೊಂಟಕ್ಕೆ ಕೈ ಆನಿಸಿ ಪಕ್ಕದಲ್ಲಿರಬೇಕು, ಅಷ್ಟೇ. ಆರು ಗುಂಡಿಗಳಿಗೆ ಹನ್ನೊಂದು ನಿಮಿಷ. ಮೊದಲ ವರ್ಷ, ಎಲ್ಲ ನಾಲ್ವರೂ ಕೋಣೆಯಲ್ಲಿದ್ದ ಒಂದು ದಿನ, ನಾನು ಗಡಿಯಾರ ನೋಡಿಕೊಂಡು ಕೂತಿದ್ದೆ. ಕೊನೆಯ ಗುಂಡಿ ಸೇರಿದಾಗ ಅವರು ಅದನ್ನು ಎರಡು ಸಲ ತಟ್ಟುತ್ತಾರೆ. ನಾನೇ ಹಾಕಿದರೆ ನಲವತ್ತು ಸೆಕೆಂಡು. ಮಾರನೆಯ ದಿನದಿಂದ ನಾನೇ ಹಾಕಿದೆ. ತಪ್ಪು ಯಾರದೆಂದು ಹುಡುಕಹೊರಟರೆ ಮೊದಲ ಹೆಸರು ನನ್ನದೇ. "ತಡವಾಗುತ್ತದೆ, ಇವತ್ತೊಂದು ದಿನ ನಾನು ಹಾಕಿಬಿಡಲಾ" ಎಂದು ಕೇಳುತ್ತಿದ್ದೆ, ಅವರು ಹೂಂ ಎನ್ನುತ್ತಿದ್ದರು. ಎದುರಿಗೆ ನಿಂತವಳು ಕೈಯಲ್ಲಿ ಆಗಲೇ ಕಾಲರು ಹಿಡಿದುಕೊಂಡು ಕೇಳುವ ಪ್ರಶ್ನೆಗೆ ಬೇರೆ ಉತ್ತರವಾದರೂ ಏನಿರುತ್ತದೆ? ಶಿಬಿರ ಮುಗಿದ ದಿನ ಅವರು ನನಗೆ ಹೇಳಿದ್ದು ಇದು: "ಮುಂದಿನ ಸಲ ಗುಂಡಿ ಇಲ್ಲದ ಅಂಗಿ ತರ್ತೀನಿ, ನಿನಗೂ ಸುಲಭ ಆಗುತ್ತೆ." ಎರಡನೆಯ ವರ್ಷ ಹಾಗೆಯೇ ತಂದರು. ಮೂರನೆಯ ವರ್ಷವೂ.

ಕರಪತ್ರದ ಲೆಕ್ಕ ಎಲ್ಲಿಂದ ಬಂತೆಂದು ನಾನು ವಿಚಾರಿಸಿದೆ. ಶಿಬಿರದಲ್ಲಿ ಇರುವ ಒಟ್ಟು ಸಿಬ್ಬಂದಿಯನ್ನು ಒಟ್ಟು ಶಿಬಿರಾರ್ಥಿಗಳಿಗೆ ಭಾಗಿಸಲಾಗಿದೆ ಎಂದು ಕಚೇರಿಯವರು ಮುಚ್ಚುಮರೆಯಿಲ್ಲದೆ ಹೇಳಿದರು. ಅಂದರೆ ಅಡುಗೆಯವರು, ಕಚೇರಿಯವರು, ವಾಹನ ಚಾಲಕರು, ದಿನವಿಡೀ ಕ್ಯಾಮೆರಾ ಹಿಡಿದು ತಿರುಗುವ ಛಾಯಾಗ್ರಾಹಕರು ಎಲ್ಲರೂ ಆ ಸಂಖ್ಯೆಯಲ್ಲಿ ಸೇರಿದ್ದಾರೆ. ಅವರಲ್ಲಿ ಯಾರೂ ಬೆಳಿಗ್ಗೆ ಆರೂವರೆಗೆ ಯಾರ ಸೊಂಟಕ್ಕೂ ಕೈ ಆನಿಸುವುದಿಲ್ಲ. ಮನೆಯವರು ಓದುವ ಕರಪತ್ರದಲ್ಲಿ ಇಂಥ ಭಾಗಾಕಾರವನ್ನು ಅಚ್ಚುಹಾಕುವುದು ಸರಿಯಲ್ಲ ಎಂದು ನಾನು ಸ್ಪಷ್ಟವಾಗಿಯೇ ಹೇಳಬಯಸುತ್ತೇನೆ.

ಕೈಗಳ ಕೊರತೆ ಬೆಳಗಿಗೆ ನಿಲ್ಲುವುದಿಲ್ಲ. ಒಬ್ಬರು ಹಿರಿಯ ಶಿಬಿರಾರ್ಥಿಗೆ ನೀರೆಂದರೆ ಆಗದು. ಆದರೆ ಎಲ್ಲರೂ ಈಜುಕೊಳಕ್ಕೆ ಹೋದಾಗ ಅವರ ಜೊತೆ ಕೋಣೆಯಲ್ಲಿ ಉಳಿಯಲು ಯಾರೂ ಇಲ್ಲದಿರುವುದರಿಂದ, ಅವರೂ ಬಂದು ಕೊಳದ ಪಕ್ಕದ ಕಾವು ತುಂಬಿದ ಕಲ್ಲುಹಾಸಿನ ಮೇಲೆ ಒಂದೂವರೆ ಗಂಟೆ ಕೂರಬೇಕು. ದಿನಚರಿಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಈಜಿನಲ್ಲಿ ಭಾಗವಹಿಸಿದರು" ಎಂದು ಬರೆಯಲಾಗಿದೆ. ಎಂಟು ವರ್ಷದ ಮಕ್ಕಳಿಗೂ ನಲವತ್ತು ದಾಟಿದವರಿಗೂ ರಾತ್ರಿ ಒಂಬತ್ತಕ್ಕೇ ದೀಪ ಆರುತ್ತದೆ. ತಮ್ಮ ಮನೆಯಲ್ಲಿ ಹನ್ನೊಂದರವರೆಗೆ ರೇಡಿಯೊ ಕೇಳುವ ಮನುಷ್ಯನಿಗೆ ಇಲ್ಲಿ ಒಂಬತ್ತಕ್ಕೆ ನಿದ್ದೆ ಬರಬೇಕು. ಕಾರಣ ಕೇಳಿದರೆ ಶಿಸ್ತು ಎನ್ನುತ್ತೀರಿ. ಆ ಹೊತ್ತಿನ ಮೇಲೆ ಎಚ್ಚರವಿರುವ ಸಹಾಯಕರನ್ನು ನೀವು ನೇಮಿಸಿಲ್ಲ ಎಂಬುದೇ ನಿಜವಾದ ಕಾರಣ.

ಈಜುಕೊಳದ್ದೇ ಇನ್ನೊಂದು ಸಂಗತಿ ಹೇಳಬೇಕು. ಮಾತು ಬಾರದ ಒಬ್ಬ ಯುವಕ ಚಿತ್ರ ಮತ್ತು ಪದಗಳಿರುವ ಟ್ಯಾಬ್ಲೆಟ್ ಒತ್ತಿ ಅದರ ದನಿಯಲ್ಲಿ ಮಾತಾಡುತ್ತಾನೆ. ನೀರು ತಾಗಬಾರದೆಂದು ಆ ಯಂತ್ರವನ್ನು ಕೊಳಕ್ಕೆ ಇಳಿಯುವ ಮೊದಲು ಕಪಾಟಿನಲ್ಲಿಟ್ಟು ಬೀಗ ಹಾಕುವುದು ನಿಯಮ. ಯಂತ್ರ ಕೆಡಬಾರದು ಎಂಬ ಕಾಳಜಿ ಸರಿಯೇ. ಆದರೆ ಕಪಾಟಿನೊಳಗೆ ಹೋದದ್ದು ಅವನ ಬಾಯಿ ಎಂಬುದು ನಮಗೆ ಯಾರಿಗೂ ಮೂರು ದಿನ ಹೊಳೆಯಲಿಲ್ಲ. ನಾಲ್ಕನೆಯ ದಿನ ನಾನು ಒಂದು ದಪ್ಪ ಹಾಳೆಯಲ್ಲಿ ಹನ್ನೆರಡು ಚಿತ್ರಗಳನ್ನು ಬರೆದು, ಅದಕ್ಕೆ ಎರಡೂ ಕಡೆ ಪ್ಲಾಸ್ಟಿಕ್ ಅಂಟಿಸಿ, ದಾರ ಕಟ್ಟಿ ನೀರಿಗೆ ತಂದೆ. ಅವನು ಮೊದಲು ಬೆರಳಿಟ್ಟದ್ದು "ಚಳಿ" ಎಂಬ ಚಿತ್ರದ ಮೇಲೆ. ಮೂರು ದಿನವೂ ಅವನಿಗೆ ಚಳಿಯಾಗುತ್ತಿತ್ತು, ನಾವು ಅವನ ನಡುಕವನ್ನು ಉತ್ಸಾಹವೆಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದೆವು. ಅಂಥ ಹಾಳೆ ತಯಾರಿಸಲು ಬೇಕಾದದ್ದು ಅರ್ಧ ಗಂಟೆ. ಅದು ಬೇಕಾಗುತ್ತದೆ ಎಂದು ಶಿಬಿರ ಶುರುವಾಗುವ ಮೊದಲೇ ಯಾರಾದರೂ ಯೋಚಿಸಿದ್ದರೆ ಸಾಕಿತ್ತು.

ಯೋಚಿಸುವುದಕ್ಕೆ ಮಾಹಿತಿ ಬೇಕು, ಮಾಹಿತಿ ಎಂದರೆ ಆ ಅರ್ಜಿ. ಪ್ರತಿ ಶಿಬಿರಾರ್ಥಿಯ ಮನೆಯವರು ಹದಿನಾಲ್ಕು ಪುಟಗಳ ಅರ್ಜಿ ತುಂಬಿ ಕಳಿಸುತ್ತಾರೆ. ಯಾವ ಔಷಧ, ಯಾವ ಅಲರ್ಜಿ, ಹೇಗೆ ಎತ್ತಬೇಕು, ಏನು ಕಂಡರೆ ಭಯ, ಏನು ಕೊಟ್ಟರೆ ಸಮಾಧಾನ, ಎಲ್ಲವೂ ಅದರಲ್ಲಿರುತ್ತದೆ. ಖಾಸಗಿ ವಿಷಯ ಎಂಬ ಕಾರಣಕ್ಕೆ ಆ ಅರ್ಜಿಗಳು ಕಚೇರಿಯ ಬೀರುವಿನಲ್ಲಿ ಉಳಿಯುತ್ತವೆ. ಸಹಾಯಕರ ಕೈಗೆ ಬರುವುದು ಒಂದು ಸಾಲಿನ ಚೀಟಿ: "ಫಿಟ್ಸ್ ಇದೆ. ಮೆತ್ತಗಿನ ಊಟ." ಖಾಸಗಿತನದ ಬಗ್ಗೆ ನಿಮಗಿರುವ ಎಚ್ಚರವನ್ನು ನಾನು ಗೌರವಿಸುತ್ತೇನೆ. ಆದರೆ ಒಬ್ಬರ ಒಳಬಟ್ಟೆ ಬದಲಿಸಲು ಅರ್ಹಳಾದವಳು ಅವರ ಔಷಧದ ಹೆಸರು ತಿಳಿಯಲು ಅರ್ಹಳಲ್ಲ ಎಂಬ ತರ್ಕ ನನಗೆ ಅರ್ಥವಾಗುವುದಿಲ್ಲ.

ಆ ಚೀಟಿ ಏನನ್ನು ಹೇಳುವುದಿಲ್ಲ ಎಂಬುದಕ್ಕೆ ನಾನು ಕಂಡ ಉದಾಹರಣೆಗಳಿವೆ. ಮೂರ್ಛೆರೋಗಕ್ಕೆ ಕೊಡುವ ಟೊಪಿರಾಮೇಟ್ ಎಂಬ ಔಷಧದಿಂದ ಕೆಲವರಲ್ಲಿ ಬೆವರುವುದು ಕಡಿಮೆಯಾಗುತ್ತದೆ, ಬೆವರದ ಮೈ ಬಿಸಿಲಿನಲ್ಲಿ ಬೇಗ ಕಾಯುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೂ ಪೆಟ್ಟಿನಿಂದ ಕೆಳಗೆ ಸರಿಯಾಗಿ ಬೆವರು ಬರುವುದಿಲ್ಲ. ಮಧ್ಯಾಹ್ನದ ಚೆಂಡಾಟದಲ್ಲಿ ಒಬ್ಬ ಹುಡುಗನ ಮುಖ ಕೆಂಪಾಗಿ, ಚರ್ಮ ಒಣಗಿ ಬಿಸಿಯಾಗಿದ್ದಾಗ, ಬೆವರಿಲ್ಲವಲ್ಲ, ಹಾಗಾದರೆ ಸುಸ್ತಾಗಿಲ್ಲ ಎಂದೇ ನಾನು ತಿಳಿದೆ. ಅದೃಷ್ಟಕ್ಕೆ ದಾದಿ ಆ ದಾರಿಯಾಗಿ ಬಂದರು, ನೆರಳಿಗೆ ಒಯ್ದು ಒದ್ದೆ ಬಟ್ಟೆ ಹೊದಿಸಿ ನೀರು ಕುಡಿಸಿದರು. ಅವನ ಔಷಧದ ಹೆಸರೂ ಅದರ ಗುಣವೂ ಅರ್ಜಿಯ ಐದನೆಯ ಪುಟದಲ್ಲಿತ್ತು. ಅವನ ತಾಯಿ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದರಂತೆ. ಬೀಳ್ಕೊಡುಗೆಯ ಸಂಜೆ ಸಭಾಂಗಣದ ತುಂಬ ಬಲೂನುಗಳನ್ನು ಕಟ್ಟಿದ್ದೆವು. ಸ್ಪೈನಾ ಬೈಫಿಡಾ, ಅಂದರೆ ಹುಟ್ಟಿನಿಂದಲೇ ಬೆನ್ನುಹುರಿ ಸರಿಯಾಗಿ ಬೆಳೆಯದ ತೊಂದರೆ, ಇರುವವರಲ್ಲಿ ಲೇಟೆಕ್ಸ್ ರಬ್ಬರಿನ ಅಲರ್ಜಿ ಹೆಚ್ಚು ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಚಿಕ್ಕ ವಯಸ್ಸಿನಿಂದ ಹಲವು ಶಸ್ತ್ರಚಿಕಿತ್ಸೆಗಳಲ್ಲಿ ರಬ್ಬರಿನ ಸಂಪರ್ಕಕ್ಕೆ ಬಂದಿರುವುದು ಅದಕ್ಕೆ ಒಂದು ಕಾರಣ. ನಮ್ಮ ಕೋಣೆಯ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತು, "ನಾನು ಒಳಗೆ ಬರಲ್ಲ ಅಕ್ಕಾ, ನೀವೆಲ್ಲ ಹೋಗಿ" ಎಂದಳು. ಆ ಬೀಳ್ಕೊಡುಗೆ ಅವಳದೂ ಆಗಿತ್ತು.

ತರಬೇತಿಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ತರಬೇತಿಯೇ ಚಿಕ್ಕದು. ಎರಡು ದಿನ. ಅದರಲ್ಲಿ ಒಂದು ದಿನ ಹಾಡು, ಆಟ, ಶಿಬಿರದ ಘೋಷಣೆ. ಎತ್ತುವ ಯಂತ್ರವನ್ನು ಒಂದು ಸಲ ತೋರಿಸಿದರು, ನಮ್ಮಲ್ಲಿ ಹೆಚ್ಚಿನವರು ಅದನ್ನು ಮೊದಲು ಮುಟ್ಟಿದ್ದು ಅದರಲ್ಲಿ ಜೀವಂತ ಮನುಷ್ಯರು ಕೂತಾಗಲೇ. ಯಂತ್ರ ಒಂದೇ ಇದ್ದು ಮೂರು ಕೋಣೆಗಳು ಕಾಯುತ್ತಿದ್ದುದರಿಂದ ಎಷ್ಟೋ ಸಲ ಇಬ್ಬರು ಸೇರಿ ಕೈಯಲ್ಲೇ ಎತ್ತಿದ್ದೇವೆ. ರೋಗಿಗಳನ್ನು ಕೈಯಿಂದ ಎತ್ತುವಾಗ, ಎಲ್ಲ ಅನುಕೂಲಗಳೂ ಇದ್ದಾಗಲೂ, ಒಬ್ಬರ ಮೇಲೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ತಜ್ಞರು ಹಾಕಿಕೊಟ್ಟ ಮಿತಿ. ಐವತ್ತು ಕಿಲೋ ತೂಗುವವರನ್ನು ಇಬ್ಬರು ಎತ್ತಿದರೆ ಲೆಕ್ಕ ಎಲ್ಲಿಗೆ ಹೋಯಿತು ಎಂದು ತಾವೇ ನೋಡಿ. ನನ್ನ ಜೊತೆಗಾರ್ತಿಯೊಬ್ಬಳ ಬೆನ್ನು ನಾಲ್ಕನೆಯ ದಿನ ಹಿಡಿದುಕೊಂಡಿತು, ಅವಳನ್ನು ಮನೆಗೆ ಕಳಿಸಿದಿರಿ, ಬದಲಿಗೆ ಯಾರೂ ಬರಲಿಲ್ಲ. ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ತುರುಕಬಾರದು, ಪಕ್ಕಕ್ಕೆ ಹೊರಳಿಸಿ ಸಮಯ ನೋಡಬೇಕು, ಐದು ನಿಮಿಷ ದಾಟಿದರೆ ತುರ್ತು ಔಷಧ ಮತ್ತು ವೈದ್ಯಕೀಯ ನೆರವು ಬೇಕು ಎಂಬುದನ್ನು ನಾನು ಕಲಿತದ್ದು ಒಬ್ಬ ಶಿಬಿರಾರ್ಥಿಯಿಂದ. ತನಗೆ ಫಿಟ್ಸ್ ಬಂದರೆ ಏನು ಮಾಡಬೇಕೆಂದು ಆತನೇ ಮೊದಲ ರಾತ್ರಿ ನಮ್ಮನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದ. ಮೂರು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯುತ್ತಮ ತರಬೇತಿ ಆ ಹದಿನೈದು ನಿಮಿಷ.

ರಾತ್ರಿಯ ಬಗ್ಗೆಯೂ ಒಂದು ಮಾತು. ತಾವಾಗಿ ಮಗ್ಗುಲು ಬದಲಿಸಲಾಗದವರನ್ನು ರಾತ್ರಿ ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸುವುದು ರೂಢಿ, ಇಲ್ಲವಾದರೆ ಮೂಳೆ ಒತ್ತುವ ಕಡೆ ಹುಣ್ಣಾಗುತ್ತದೆ. ಹಗಲು ಹದಿನಾಲ್ಕು ಗಂಟೆ ದುಡಿದ ಸಹಾಯಕಿ ಅಲಾರಂ ಇಟ್ಟುಕೊಂಡು ಮಲಗಿ, ಎರಡು ಗಂಟೆಗೊಮ್ಮೆ ಎದ್ದು, ಬೆಳಿಗ್ಗೆ ಆರೂವರೆಗೆ ನಗುಮುಖದಿಂದ ಹಾಜರಾಗಬೇಕೆಂಬುದು ನಿಮ್ಮ ಈಗಿನ ವ್ಯವಸ್ಥೆ. ಒಂದು ರಾತ್ರಿ ನನಗೆ ಅಲಾರಂ ಕೇಳಿಸಲಿಲ್ಲ. ಬೆಳಿಗ್ಗೆ ನಾನು ಹೊರಳಿಸಬೇಕಿದ್ದ ಶಿಬಿರಾರ್ಥಿಯ ಸೊಂಟದ ಬಳಿ ಕೆಂಪು ಗುರುತಿತ್ತು, ಎರಡು ದಿನದಲ್ಲಿ ಮಾಯವಾಯಿತು. ಆಕೆ ದೂರು ಕೊಡಲಿಲ್ಲ, ನನ್ನನ್ನು ಕರೆಯಲು ಮುಜುಗರವಾಯಿತು ಎಂದರು. ಅದೇ ವಾರ ಗೋಡೆಯ ಪ್ಲಗ್ಗುಗಳು ಸಾಲದೆ ಒಂದು ವಿದ್ಯುತ್ ಗಾಲಿಕುರ್ಚಿ ಚಾರ್ಜ್ ಆಗಲಿಲ್ಲ. ಅದರ ಒಡೆಯ ಮಾರನೆಯ ದಿನವಿಡೀ ಯಾರಾದರೂ ತಳ್ಳಿದ ಕಡೆಗೆ ಹೋದರು.

ಅತಿಥಿಗಳ ದಿನವನ್ನು ಮಾತ್ರ ಬಿಟ್ಟುಬಿಡಲಾರೆ. ಆ ದಿನ ಸಿಬ್ಬಂದಿ ತುಂಬಿರುತ್ತದೆ, ರಜೆಗಳು ರದ್ದಾಗುತ್ತವೆ, ಛಾಯಾಗ್ರಾಹಕರು ಇಬ್ಬರಾಗುತ್ತಾರೆ. ಬಂದವರು "ದೇವರ ಮಕ್ಕಳು" ಎನ್ನುತ್ತ ತಲೆ ಸವರುತ್ತಾರೆ. ಕಳೆದ ವರ್ಷ ನಲವತ್ತು ದಾಟಿದ ಒಬ್ಬರು ತಲೆ ತಗ್ಗಿಸಿ ಸವರಿಸಿಕೊಂಡು, ಅತಿಥಿಗಳು ಮುಂದೆ ಸಾಗಿದ ಮೇಲೆ, "ನಮ್ಮಪ್ಪ ಕೇಳಿಸಿಕೊಂಡಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು" ಎಂದರು. ನಕ್ಕೆವು. ಆದರೆ ಅವರ ಬಾಯೊರೆಸುವಾಗ ತೆಗೆದ ಚಿತ್ರವೊಂದು ಈ ವರ್ಷದ ದೇಣಿಗೆಯ ಮನವಿಯ ಮುಖಪುಟದಲ್ಲಿದೆ. ಅವರ ಒಪ್ಪಿಗೆ ಕೇಳಿದ್ದೀರಾ ಎಂದು ವಿಚಾರಿಸಿದಾಗ, ಅಣ್ಣನವರು ಸಹಿ ಮಾಡಿದ್ದಾರೆ ಎಂಬ ಉತ್ತರ ಬಂತು. ಅವರಿಗೇ ಸಹಿ ಮಾಡಲು ಬರುತ್ತದೆ.

ಶಿಬಿರವೆಂದರೆ ನಾಲ್ಕು ದಿನದ ಮನರಂಜನೆ, ಅದಕ್ಕೆ ಇಷ್ಟೆಲ್ಲ ಏಕೆ ಎಂದು ಮಂಡಳಿಯ ಸದಸ್ಯರೊಬ್ಬರು ನನ್ನನ್ನು ಕೇಳಿದ್ದರು. ಇಂಥ ಶಿಬಿರಗಳ ಚರಿತ್ರೆಯನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. 1962ರ ಬೇಸಿಗೆಯಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಕೆನಡಿಯವರ ತಂಗಿ ಯೂನಿಸ್ ಕೆನಡಿ ಶ್ರೈವರ್ ಅವರು ಮೇರಿಲ್ಯಾಂಡ್ ರಾಜ್ಯದ ತಮ್ಮ ಮನೆಯಂಗಳದಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಶಿಬಿರ ನಡೆಸಿದಾಗ ಬಂದ ಮಕ್ಕಳು 34, ಅವರೊಂದಿಗೆ ಇದ್ದ ಯುವ ಸಹಾಯಕರು 26. ಈ ಮಕ್ಕಳಿಗೆ ಆಟವಾಡಲು ಬರುವುದಿಲ್ಲ ಎಂಬ ಅಂದಿನ ನಂಬಿಕೆ ಅಲ್ಲಿ ಸುಳ್ಳಾಯಿತು, ಆರು ವರ್ಷಗಳ ನಂತರ ಶಿಕಾಗೊದಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರ ಕ್ರೀಡಾಕೂಟವಾದ ಸ್ಪೆಷಲ್ ಒಲಿಂಪಿಕ್ಸ್ ಮೊದಲ ಬಾರಿಗೆ ನಡೆಯಿತು. ನ್ಯೂಯಾರ್ಕ್ ರಾಜ್ಯದ ಗುಡ್ಡಗಳ ನಡುವೆ 1951ರಲ್ಲಿ ಶುರುವಾಗಿ 1977ರವರೆಗೆ ನಡೆದ ಕ್ಯಾಂಪ್ ಜೆನೆಡ್‌ನಲ್ಲಿ ಅಂಗವೈಕಲ್ಯವುಳ್ಳ ಹುಡುಗ ಹುಡುಗಿಯರು ತಮಗೆ ಏನು ಬೇಕೆಂದು ಕೂತು ಚರ್ಚಿಸುವುದನ್ನು ಅಭ್ಯಾಸ ಮಾಡಿಕೊಂಡರು. ಅಲ್ಲಿ ಶಿಬಿರಾರ್ಥಿಯಾಗಿದ್ದು ಮುಂದೆ ಸಹಾಯಕಿಯೂ ಆದ ಜುಡಿತ್ ಹ್ಯೂಮನ್, 1977ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ನಡೆದ ಧರಣಿಯ ಮುಂದಾಳುಗಳಲ್ಲಿ ಒಬ್ಬರು. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆಂಬ ಕಾನೂನಿಗೆ ಬೇಕಾದ ನಿಯಮಗಳಿಗೆ ಆ ಧರಣಿಯ ಒತ್ತಡದಿಂದ ಸಹಿ ಬಿತ್ತು. ಆ ಹೋರಾಟಗಾರರಲ್ಲಿ ಹಲವರ ಪರಿಚಯ ಬೆಳೆದದ್ದು ಶಿಬಿರದ ಕೋಣೆಗಳಲ್ಲಿ. ಎಲ್ಲ ಶಿಬಿರಗಳೂ ಧರಣಿಗೆ ಜನ ತಯಾರಿಸಬೇಕೆಂದು ನಾನು ಹೇಳುತ್ತಿಲ್ಲ, ತಾವು ಗಾಬರಿಯಾಗಬೇಕಿಲ್ಲ. ಆದರೆ ಬೇಡ ಎನ್ನುವುದನ್ನು ಕಲಿಯಬಹುದಾದ ಜಾಗದಲ್ಲೇ ಅದನ್ನು ಮರೆಸುತ್ತಿದ್ದೇವೆ ಎಂಬುದು ನನ್ನ ಸಂಕಟ.

2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ ಆಟ, ವಿರಾಮ, ಕ್ರೀಡೆಗಳಲ್ಲಿ ಇತರರಿಗೆ ಸಮನಾಗಿ ಪಾಲ್ಗೊಳ್ಳಲು ಅನುವಾಗುವಂತೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಅದೇ ಒಡಂಬಡಿಕೆಯ 16ನೆಯ ವಿಧಿ, ಅಂಗವೈಕಲ್ಯವುಳ್ಳವರಿಗಾಗಿ ನಡೆಯುವ ಎಲ್ಲ ಕಾರ್ಯಕ್ರಮಗಳ ಮೇಲೂ ಸ್ವತಂತ್ರ ಮೇಲ್ವಿಚಾರಣೆ ಇರಬೇಕೆನ್ನುತ್ತದೆ. ನಿಮ್ಮ ಶಿಬಿರವನ್ನು ಈಗ ಪರಿಶೀಲಿಸುವವರು ನೀವೇ, ಅದೂ ಅತಿಥಿಗಳ ದಿನ.

ತಮ್ಮ ಕಷ್ಟಗಳು ನನಗೆ ತಿಳಿಯದೆ ಇಲ್ಲ. ಹಣ ದೇಣಿಗೆಯಿಂದ ಬರಬೇಕು, ಆರು ದಿನದ ಗೌರವಧನಕ್ಕೆ ಈ ಕೆಲಸ ಮಾಡಲು ಬರುವವರು ಕಡಿಮೆ. ಶಿಬಿರಾರ್ಥಿಗಳ ಸಂಖ್ಯೆ ಇಳಿಸಿ ಎಂದು ನಾನು ಎರಡನೆಯ ಪತ್ರದಲ್ಲಿ ಸುಲಭವಾಗಿ ಬರೆದುಬಿಟ್ಟಿದ್ದೆ. ಆಮೇಲೆ ಒಬ್ಬ ತಾಯಿ, ವರ್ಷದಲ್ಲಿ ತಾನು ರಾತ್ರಿಯಿಡೀ ನಿದ್ದೆ ಮಾಡುವುದು ಈ ಆರು ದಿನ ಮಾತ್ರ ಎಂದಾಗ ಆ ಸಾಲನ್ನು ಹಿಂದಕ್ಕೆ ಪಡೆಯಬೇಕೆನಿಸಿತು. ಹಾಗಾಗಿ ಈಗ ಕೇಳುವುದು ಬೇರೆ. ಎಂಬತ್ತು ಜನರ ಒಂದು ದೊಡ್ಡ ಶಿಬಿರದ ಬದಲು ನಲವತ್ತು ಜನರ ಎರಡು ಶಿಬಿರಗಳನ್ನು, ಒಂದರ ಹಿಂದೊಂದು, ಅದೇ ಸಹಾಯಕರ ಇಡೀ ತಂಡದೊಂದಿಗೆ ನಡೆಸಿ. ನಡುವೆ ನಮಗೆ ಮೂರು ದಿನ ಬಿಡುವು ಕೊಡಿ. ಸಹಾಯಕರಿಗೆ ಕೊಡುವ ಹಣ ಆಗ ಹೆಚ್ಚುತ್ತದೆ, ಒಪ್ಪುತ್ತೇನೆ. ಅತಿಥಿಗಳ ದಿನದ ಶಾಮಿಯಾನದ ಖರ್ಚನ್ನು ನಾನು ನೋಡಿದ್ದೇನೆ, ಅಲ್ಲಿಂದ ಶುರು ಮಾಡಬಹುದು.

ಕರಪತ್ರದ ಲೆಕ್ಕದಲ್ಲಿ ಶಿಬಿರಾರ್ಥಿಗಳನ್ನು ಮುಟ್ಟಿ ನೆರವಾಗುವವರನ್ನು ಮಾತ್ರ ಎಣಿಸಿ, ಬೆಳಗಿನ ಆರೂವರೆಗೆ ಎಷ್ಟು, ನಡುರಾತ್ರಿ ಎಷ್ಟು ಎಂದು ಬೇರೆ ಬೇರೆಯಾಗಿ ಅಚ್ಚುಹಾಕಿ. ರಾತ್ರಿಗೆ ಎಚ್ಚರವಿರುವ ಪಾಳಿಯ ಸಹಾಯಕರನ್ನು ನೇಮಿಸಿ. ಅರ್ಜಿಯ ಅಗತ್ಯ ಭಾಗಗಳು, ಶಿಬಿರಾರ್ಥಿಯ ಒಪ್ಪಿಗೆ ಪಡೆದು, ಅವರ ಸಹಾಯಕರಿಗೆ ಎರಡು ವಾರ ಮೊದಲೇ ತಲುಪಲಿ. ಅದರ ಜೊತೆ "ನನ್ನ ದಿನ" ಎಂಬ ಒಂದು ಪುಟವಿರಲಿ, ಅದನ್ನು ಮನೆಯವರಲ್ಲ, ಶಿಬಿರಾರ್ಥಿಯೇ ಬರೆಯಲಿ, ಬರೆಸಲಿ, ಚಿತ್ರ ತೋರಿಸಿ ಹೇಳಲಿ. ಏನನ್ನು ತಾನೇ ಮಾಡಿಕೊಳ್ಳುತ್ತೇನೆ ಎಂಬುದು ಆ ಪುಟದ ಮೊದಲ ಸಾಲಾಗಿರಲಿ. ತರಬೇತಿ ಐದು ದಿನವಾಗಲಿ, ಅದರಲ್ಲಿ ಸಹಾಯಕರೂ ಜೋಲಿಯಲ್ಲಿ ಕೂತು ಮೇಲೇರಿ ಇಳಿಯಲಿ, ಪಾಠ ಹೇಳಲು ಹಳೆಯ ಶಿಬಿರಾರ್ಥಿಗಳನ್ನು ಸಂಬಳ ಕೊಟ್ಟು ಕರೆಯಿರಿ. ಇನ್ನೆರಡು ಎತ್ತುವ ಯಂತ್ರಗಳನ್ನು ಕೊಳ್ಳಿ, ಕೊಳ್ಳಲಾಗದಿದ್ದರೆ ಬಾಡಿಗೆಗೆ ತನ್ನಿ. ಚಿತ್ರ ತೆಗೆಯುವ ಮೊದಲು ಚಿತ್ರದಲ್ಲಿರುವವರನ್ನೇ ಕೇಳಿ. ಸಂಸ್ಥೆಗೆ ಸಂಬಂಧವಿಲ್ಲದ ಇಬ್ಬರು, ಅವರಲ್ಲಿ ಒಬ್ಬರಾದರೂ ಸ್ವತಃ ಅಂಗವೈಕಲ್ಯವುಳ್ಳವರು, ಮುಂಚಿತವಾಗಿ ತಿಳಿಸದೆ ಬಂದು ಶಿಬಿರ ನೋಡಿ ಬರೆಯುವ ವರದಿಯನ್ನು ಪ್ರಕಟಿಸಿ. ಮಂಡಳಿಯ ಹನ್ನೊಂದು ಕುರ್ಚಿಗಳಲ್ಲಿ ಇಂದು ಒಂದರಲ್ಲೂ ಶಿಬಿರಾರ್ಥಿಯಾಗಿದ್ದವರು ಇಲ್ಲ. ಎರಡನ್ನು ಅವರಿಗೆ ಬಿಟ್ಟುಕೊಡಿ. ಗಾಲಿಕುರ್ಚಿಯವರು ಬಂದರೆ ಕುರ್ಚಿಯ ಖರ್ಚೂ ಇಲ್ಲ.

ಮುಂದಿನ ಬೇಸಿಗೆಯ ಸಹಾಯಕರ ಅರ್ಜಿ ನನ್ನ ಮೇಜಿನ ಮೇಲಿದೆ, ಇನ್ನೂ ಸಹಿ ಮಾಡಿಲ್ಲ. ಹೋದ ವಾರ ಗುಂಡಿಯ ಅಂಗಿಯವರು ಫೋನ್ ಮಾಡಿ, ಈ ಸಲವೂ ಬರುತ್ತೀಯಾ ಎಂದು ಕೇಳಿದರು. ಯಾವ ಅಂಗಿ ತರುತ್ತೀರಿ ಎಂದು ನಾನು ಕೇಳಿದೆ. ನೀನು ಹೇಳಿದ್ದನ್ನು ಎಂದರು. ಅವರಿಗೆ ಏನು ಹೇಳಬೇಕೆಂಬುದು ತಮ್ಮ ಉತ್ತರದ ಮೇಲಿದೆ. ಮಂಡಳಿಯ ಮುಂದಿನ ಸಭೆಯಲ್ಲಿ ಈ ಪತ್ರವನ್ನು ಓದಿ, ಸಹಾಯಕರ ನೇಮಕಾತಿ ಮುಗಿಯುವ ಮೊದಲು ಲಿಖಿತವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೂರು ಬೇಸಿಗೆ ತಮ್ಮ ಶಿಬಿರದಲ್ಲಿ ದುಡಿದ ಸಹಾಯಕಿ